ನೆಲ ಮುಟ್ಟದ ಚಕ್ರ

ಆ ಊರಿನಲ್ಲಿ ವರ್ಷಕ್ಕೆ ಮೂರು ಸಲ, ಶನಿವಾರ ಮತ್ತು ಭಾನುವಾರ, ಎಂಬತ್ತು ಮನೆಗಳ ಹಾಸಿಗೆಯ ಮೇಲೆ ಕೌದಿ ಇರುತ್ತಿರಲಿಲ್ಲ. ಆ ಕೌದಿಗಳೆಲ್ಲ ಬೀದಿಯಲ್ಲಿ, ಕಾರಿನ ಚಕ್ರದ ಕೆಳಗೆ ಇರುತ್ತಿದ್ದವು.

ಊರಿಗೆಲ್ಲ ಇದ್ದುದು ಅದೊಂದೇ ಕಾರು. ಕಡೆದ ಬೆಣ್ಣೆಯ ಬಣ್ಣದ್ದು. ಎರಡು ಚಕ್ಕಡಿ ಗಾಡಿಗಳನ್ನು ಒಂದರ ಹಿಂದೊಂದು ನಿಲ್ಲಿಸಿದಷ್ಟು ಉದ್ದದ್ದು. ಮೂತಿಯ ಮೇಲೆ ಬೆಳ್ಳಿಯ ಹಕ್ಕಿಯನ್ನು ಹೊತ್ತದ್ದು. ಎಲ್ಲಿಂದ ಬಂತೆಂದು ಬಲ್ಲವರು ಯಾರೂ ಉಳಿದಿರಲಿಲ್ಲ. ಬೇರೆ ಊರುಗಳಲ್ಲಿ ಅಂಥ ಕಾರನ್ನು ಅರಸರೂ ಸಾಹುಕಾರರೂ ಮಾತ್ರ ಏರುತ್ತಾರೆಂದು ಕೇಳಿಕೆ. ಈ ಊರಿನಲ್ಲಿ ಅದು ಸರದಿಯಂತೆ ಯಾರಿಗಾದರೂ ದೊರೆಯುತ್ತಿತ್ತು. ಜನ್ಮಕ್ಕೊಮ್ಮೆ, ಶನಿವಾರದ ಸೂರ್ಯೋದಯದಿಂದ ಭಾನುವಾರದ ಸೂರ್ಯಾಸ್ತದವರೆಗೆ, ಊರಿನ ಸುತ್ತ ಏಳು ಸುತ್ತು.

ಅದಕ್ಕೊಂದು ನಿಯಮವಿತ್ತು. ಚಕ್ರ ನೆಲವನ್ನು ಮುಟ್ಟಬಾರದು. ಮುಟ್ಟಿದರೆ ಕಾರು ಬಂದ ದಾರಿಯನ್ನೇ ಹಿಡಿದು ಹೊರಟುಹೋಗುತ್ತದೆ. ಮುಂದೆ ಯಾರಿಗೂ ಸರದಿಯಿಲ್ಲ.

ಆದ್ದರಿಂದ ಸರದಿಗೆ ಕಾದವರು ಓಡುತ್ತಿದ್ದರು. ಕಾರಿನ ಎಡಕ್ಕೆ ನಲವತ್ತು ಮಂದಿ, ಬಲಕ್ಕೆ ನಲವತ್ತು ಮಂದಿ, ಒಬ್ಬೊಬ್ಬರದೂ ಒಂದೊಂದು ಕೌದಿ. ಚಕ್ರ ಹಾಯ್ದ ಕೌದಿಯನ್ನು ಎತ್ತಬೇಕು. ಹೆಗಲ ಮೇಲೆ ಹಾಕಿಕೊಂಡು ಸಾಲಿನ ಮುಂದಕ್ಕೆ ಓಡಬೇಕು. ಚಕ್ರ ಬರುವ ಮೊದಲೇ ಹಾಸಬೇಕು. ಎತ್ತು, ಓಡು, ಹಾಸು. ಎತ್ತು, ಓಡು, ಹಾಸು. ಆ ಊರಿನ ಕೂಸುಗಳು ಅವ್ವ ಎಂಬ ಮಾತಿನ ಬೆನ್ನಿಗೇ ಕಲಿಯುತ್ತಿದ್ದುದು ಈ ಮೂರು ಮಾತುಗಳನ್ನು. ಓಡುವಾಗ ಕೌದಿ ಕೈಜಾರಿದರೆ ಅವರು ಸರದಿಯ ಬಾಲಕ್ಕೆ ಹೋಗಿ ಮೊದಲಿನಿಂದ ಕಾಯಬೇಕು. ಕುಂಬಾರನೊಬ್ಬ ಹಾಗೆ ಒಮ್ಮೆ ಎಡವಿ, ನಲವತ್ತು ವರ್ಷದಿಂದ ಓಡುತ್ತಲೇ ಇದ್ದ. ಎಡವದವರಿಗೆ ಇಪ್ಪತ್ತಾರು ವರ್ಷ ಸಾಕಾಗುತ್ತಿತ್ತು.

ಕೌದಿಯವಳು ಓಡತೊಡಗಿ ಇಪ್ಪತ್ತಾರು ವರ್ಷ ತುಂಬಿತ್ತು.

ಎಂಬತ್ತು ಕೌದಿಗಳನ್ನೂ ಹೊಲಿದವಳು ಅವಳೇ. ಹಳೆಯ ಸೀರೆ, ಹಳೆಯ ಧೋತರ, ತೀರಿಕೊಂಡವರ ಅಂಗಿ, ಕೂಸಿನ ಕುಲಾವಿ, ಏನು ತಂದುಕೊಟ್ಟರೂ ಪದರದ ಮೇಲೆ ಪದರವಿಟ್ಟು ಹೊಲಿಯುತ್ತಿದ್ದಳು. ಅಂಚಿನಿಂದ ಆರಂಭಿಸಿ, ಸಾಲಿನಿಂದ ಸಾಲಿಗೆ ಒಂದು ಬೆರಳಿನ ಅಂತರವಿಟ್ಟು, ಸುತ್ತುತ್ತ ಸುತ್ತುತ್ತ ನಡುವಿಗೆ ಬರುವುದು ಅವಳ ರೀತಿ. ನಡುವಿಗೆ ಬರುವಷ್ಟರಲ್ಲಿ ತೋಳು ಸೋಲುತ್ತದೆ, ಆದರೂ ಆತುರಪಡಬಾರದು; ಭಾರ ಬೀಳುವುದು ನಡುವಿನ ಮೇಲೆಯೇ. ಇದನ್ನು ಅವಳು ಬಲ್ಲಳು. ಬಲ್ಲವಳಾಗಿಯೂ, ತನ್ನ ಸರದಿಯ ಹಿಂದಿನ ದಿನ, ಕೊನೆಯ ಕೌದಿಯೊಂದು ಉಳಿದಿರಲು, ತಲೆಗೆ ನೀರು ಹಾಕಿಕೊಳ್ಳುವ ಹೊತ್ತು ಮೀರುತ್ತಿದೆಯೆಂದು, ಅದರ ನಡುವನ್ನು ಬೆರಳಿಗೊಂದು ಸಾಲಿನ ಬದಲು ಗೇಣಿಗೊಂದು ಸಾಲಿನಂತೆ ಹೊಲಿದು ಮುಗಿಸಿದಳು. ಸಡಿಲವಾದ ಆ ನಡು ಕಾಣದಂತೆ ಮೇಲೊಂದು ಕೆಂಪು ತೇಪೆಯನ್ನಿಟ್ಟಳು. ಅಂಥದನ್ನು ಪರರ ಕೈಗೆ ಕೊಡಲು ಮನಸ್ಸು ಬರಲಿಲ್ಲ. ತಂಗಿಗೆ ಕೊಟ್ಟಳು.

ತಂಗಿ ಖಾರ ಕುಟ್ಟಿ ಬದುಕುವವಳು. ಅಕ್ಕ ಸಾಲಿಗೆ ಸೇರಿದ ಮರುಸಲವೇ ಸೇರಿದವಳು. ಅಕ್ಕ ಇಳಿದ ನಾಲ್ಕು ತಿಂಗಳಿಗೆ ಅವಳ ಸರದಿ.

ಚಳಿಗಾಲದ ಆ ಶನಿವಾರ ಬೆಳಕು ಹರಿಯುವ ಮೊದಲೇ ಅವಳು ಬಂದು ಅಕ್ಕನ ಸೀರೆಯ ನೆರಿಗೆ ತಿದ್ದಿದಳು.

"ನೀಟಾಗಿ ಉಟ್ಕೋ ಅಕ್ಕಾ. ಇಪ್ಪತ್ತಾರು ವರ್ಷ ಕಚ್ಚಿ ಬಿಗದು ಓಡೀದಿ, ಇವತ್ತರ ಹೆಣ್ಮಗಳ ಹಂಗ ಕುಂದ್ರು."

"ನಗಸಬ್ಯಾಡ. ಅದನ್ನ ತಿರುವೂದು ಹೆಂಗಂತ ಚಿಂತಿ ಹತ್ತೈತಿ."

"ಮರ ಹಿಡದು ಕಲತದ್ದು ಮರತಿ ಏನು?" ಎಂದಳು ತಂಗಿ. ಆ ಊರಿನಲ್ಲಿ ಸರದಿ ಹತ್ತಿರವಾದವರಿಗೆ ಕಾರು ನಡೆಸುವುದನ್ನು ಕಲಿಸುತ್ತಿದ್ದುದು ಕಟ್ಟೆಯ ಮೇಲೆ ಕೂರಿಸಿ, ಅಕ್ಕಿ ಕೇರುವ ಮರವನ್ನು ಕೈಗೆ ಕೊಟ್ಟು. "ಎಡಕ್ಕ ತಿರುವಿದ್ರ ಎಡಕ್ಕ, ಬಲಕ್ಕ ತಿರುವಿದ್ರ ಬಲಕ್ಕ. ಅದಕ್ಕೇನು ಕೋಡಿಲ್ಲ, ಹಾಯೂದಿಲ್ಲ."

ಇಬ್ಬರೂ ನಕ್ಕರು. ನಕ್ಕು ಮುಗಿದ ಮೇಲೆ ತಂಗಿ ಅಕ್ಕನ ಎರಡೂ ಕೈಗಳನ್ನು ಹಿಡಿದುಕೊಂಡಳು. "ನನ್ನ ಸರದಿ ನಿನ್ನ ಕೈಯಾಗ ಐತಿ. ಜ್ವಾಕಿಯಿಂದ ತಂದು ಕೊಡು. ಅಷ್ಟ ಸಾಕು."

ಕೀಲಿಯಜ್ಜ ಬಾಗಿಲು ತೆರೆದ. ಕಾರನ್ನು ಕಾಯುವವನು ಅವನು; ಯಾರ ಸರದಿಯೇ ಇರಲಿ, ಎರಡು ಕೈಗಳನ್ನೂ ಕೋಲಿನ ಮೇಲಿಟ್ಟು ಹಿಂದಿನ ಸೀಟಿನಲ್ಲಿ ಕೂರುವವನು. ಕೌದಿಯವಳು ಕಾಲು ತೊಳೆದು, ಚೌರಂಗವೆಂಬ ಎತ್ತರದ ಮಣೆಯ ಮೇಲಿಂದ ಏರಿದಳು. ಬಾಗಿಲು ಮುಚ್ಚಿತು.

ಮುಚ್ಚಿದೊಡನೆ ಊರಿನ ಸದ್ದೆಲ್ಲ ನಿಂತಿತು.

ಅವಳು ಅಂಥ ಮೌನವನ್ನು ಕಂಡಿರಲಿಲ್ಲ. ಸೀಟು ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡಂತೆ ತನ್ನೊಳಕ್ಕೆ ಕೂರಿಸಿಕೊಂಡಿತು. ಪಾದಗಳು ಕುರಿಯುಣ್ಣೆಯಲ್ಲಿ ಕಣಕಾಲಿನವರೆಗೆ ಮುಳುಗಿದವು. ಮುಂದಿನ ಮರದ ಹಲಗೆ ತುಪ್ಪ ಸವರಿದಂತೆ ಹೊಳೆಯಿತು; ನೆತ್ತಿಯ ಮೇಲಿನ ಕರಿಯ ಬಟ್ಟೆಯಲ್ಲಿ ಸಾಸಿವೆ ಕಾಳಿನಷ್ಟು ಸಣ್ಣ ದೀಪಗಳು ಉರಿದವು. ಹೊರಗೆ ಎಂಬತ್ತು ಬಾಯಿಗಳು ತೆರೆದು ಮುಚ್ಚಿದವು. ಎತ್ತು, ಓಡು, ಹಾಸು. ಒಂದು ಮಾತೂ ಒಳಗೆ ಬರಲಿಲ್ಲ.

ಅವಳು ಕಾಲನ್ನು ಮೆಲ್ಲಗೆ ಒತ್ತಿದಳು. ಕಾರು ಹರಿಯಿತು.

ಆ ಬೀದಿ ಅವಳ ಹಿಮ್ಮಡಿಗೆ ಗೊತ್ತಿದ್ದ ಬೀದಿ. ಬಾವಿಯ ಹತ್ತಿರ ಚುಚ್ಚುವ ಕಲ್ಲು, ಇಳಿಜಾರಿನಲ್ಲಿ ಜಾರುವ ಮಣ್ಣು, ಬೇವಿನ ಬುಡದಲ್ಲಿ ಎಡಹುವ ಬೇರು. ಈಗ ಕಲ್ಲೂ ಇಲ್ಲ, ಬೇರೂ ಇಲ್ಲ, ಬೀದಿಯೇ ಇಲ್ಲ. ಮೊದಲ ಸುತ್ತಿನಲ್ಲಿ ಅವಳು ಹಸುಗೂಸಿನಂತೆ ಅತ್ತಳು. ಯಾಕೆಂದು ಕೀಲಿಯಜ್ಜ ಕೇಳಲಿಲ್ಲ. ಎಲ್ಲರೂ ಮೊದಲ ಸುತ್ತಿನಲ್ಲಿ ಅಳುತ್ತಿದ್ದರು.

ಎರಡನೆಯ ಸುತ್ತಿನಲ್ಲಿ ಅವಳಿಗೆ ಕೆಂಪು ತೇಪೆ ಕಂಡಿತು.

ಎಡಗಡೆಯ ಸಾಲಿನಲ್ಲಿ ತಂಗಿ ಅದನ್ನು ಹಾಸಿದಳು, ಪಕ್ಕಕ್ಕೆ ಸರಿದಳು. ಕೆಂಪು ತೇಪೆ ಹತ್ತಿರ ಬಂತು, ಬೆಳ್ಳಿ ಹಕ್ಕಿಯ ಕೆಳಗೆ ಹೋಯಿತು. ಚಕ್ರ ಅದರ ಮೇಲೆ ಹಾಯಿತು. ಮೂವತ್ತೊಂಬತ್ತು ಕೌದಿಗಳು ಹಾಯ್ದವು; ಮತ್ತೆ ಕೆಂಪು ತೇಪೆ. ಮತ್ತೆ ಮೂವತ್ತೊಂಬತ್ತು, ಮತ್ತೆ ಕೆಂಪು. ಮೂರನೆಯ ಸುತ್ತಿನ ಹೊತ್ತಿಗೆ ತೇಪೆಯ ಒಂದು ಮಗ್ಗುಲು ಎದ್ದು ನಾಲಗೆಯಂತೆ ಆಡುತ್ತಿತ್ತು. ಉಳಿದ ಎಪ್ಪತ್ತೊಂಬತ್ತು ಕೌದಿಗಳು ಅವಳ ಕಣ್ಣಿಗೆ ಕಾಣದಾದವು. ಸೀಟಿನ ಸುಖವೂ ಎಲ್ಲಿಯೋ ಹೋಯಿತು. ಅವಳು ಒಂದು ಕೆಂಪು ತೇಪೆಯಿಂದ ಇನ್ನೊಂದು ಕೆಂಪು ತೇಪೆಯವರೆಗೆ ಬದುಕತೊಡಗಿದಳು.

ಸಂಜೆ ಮುಳುಗುವಾಗ ಕಾರನ್ನು ಊರಬಾಗಿಲಲ್ಲಿ ದಪ್ಪನೆಯ ಕೌದಿಗಳ ಒಟ್ಟಿಲಿನ ಮೇಲೆ ನಿಲ್ಲಿಸಿದರು. ಏರಿದವರು ಇಳಿಯುವಂತಿಲ್ಲ. ತಂಗಿ ಕಿಟಕಿಯಲ್ಲಿ ರೊಟ್ಟಿ ಕೊಟ್ಟಳು. ಅವಳ ಹಿಮ್ಮಡಿ ಒಡೆದು ಕೆಂಪಗಾಗಿತ್ತು.

"ಹೆಂಗೈತಿ ಅಕ್ಕಾ? ಖರೇ ಹೇಳು. ಪಲ್ಲಕ್ಕಿಯಂಗ ಐತೇನು?"

"ನಿನ್ನ ಕೌದಿ ಎಲ್ಲೈತಿ?"

"ಅಲ್ಲೇ, ಹೆಗಲ ಮ್ಯಾಲ. ಯಾಕ?"

"ಇಲ್ಲಿ ಕೊಡು. ಸೂಜಿ ದಾರ ತಾ. ಎರಡು ಸಾಲು ಎಳದು ಕೊಡತೀನಿ."

ಹಿಂದಿನ ಸೀಟಿನಲ್ಲಿ ಕೋಲು ಒಮ್ಮೆ ಸದ್ದು ಮಾಡಿತು. "ಏರಿದವರು ಕೈಯಿಂದ ಕೆಲಸಾ ಮಾಡಂಗಿಲ್ಲ," ಎಂದ ಕೀಲಿಯಜ್ಜ. "ಕಿಟಕಿ ಏರಸು."

"ನೀನರ ಹೊಲಿ," ಎಂದಳು ಅವಳು ತಂಗಿಗೆ, ದನಿ ತಗ್ಗಿಸಿ. "ನಡುವ ಒಂದೀಟು..."

"ನಾನು? ನನ್ನ ಕೈಯಾಗ ಒನಕಿ ನಿಲ್ತೈತಿ, ಸೂಜಿ ನಿಲ್ತೈತೇನು?" ತಂಗಿ ನಕ್ಕಳು. "ನೀ ಹೊಲದ ಕೌದಿ ಎಂದರ ಹರದೈತೇನು? ಸುಮ್ನ ಉಂಡು ಮಲಕ್ಕೋ. ಮಹಾರಾಣಿಗೆ ಕೌದೀದ ಚಿಂತಿ."

ಕೌದಿಯ ನಡು ಸಡಿಲವೆಂದು ಹೇಳಿಬಿಡಬಹುದಿತ್ತು. ಹೇಳಿದರೆ ಸರದಿ ಅಲ್ಲಿಗೇ ಮುಗಿಯುತ್ತಿತ್ತು. ಇಪ್ಪತ್ತಾರು ವರ್ಷಕ್ಕೆ ದೊರೆತ ಏಳು ಸುತ್ತಿನಲ್ಲಿ ಇನ್ನೂ ನಾಲ್ಕು ಉಳಿದಿದ್ದವು. ಕೌದಿಯವಳು ರೊಟ್ಟಿಯನ್ನು ಮುರಿದಳು. ಗಾಜು ತಾನಾಗಿ ಏರಿತು.

ಭಾನುವಾರ ಬಿಸಿಲು ಬಲಿಯಿತು. ನಾಲ್ಕನೆಯ ಸುತ್ತು ಹೋಯಿತು, ಐದನೆಯದು ಹೋಯಿತು. ಆರನೆಯ ಸುತ್ತಿನ ಇಳಿಜಾರಿನಲ್ಲಿ ಕಾರು ತನ್ನ ಭಾರಕ್ಕೆ ತಾನೇ ಮುಂದೊತ್ತಿತು. ಓಡುವವರು ಓಡಲಾರದೆ ಓಡಿದರು. ತಂಗಿ ಕುಂಟುತ್ತ ಬಂದು ಕೌದಿಯನ್ನು ಕೊಡವಿ ಬೀಸಿದಳು. ಬೀಸಿದ ರಭಸಕ್ಕೆ ಅದು ನಡುವಿನಲ್ಲಿ ಸೀಳಿ ಎರಡಾಗಿ ನೆಲಕ್ಕೆ ಬಿತ್ತು. ಎರಡು ತುಂಡುಗಳ ನಡುವೆ ಒಂದು ಗೇಣು ಕೆಂಪು ಮಣ್ಣು.

ಕೌದಿಯವಳಿಗೆ ತಿರುಗಿಸಲು ಹೊತ್ತಿರಲಿಲ್ಲ. ನಿಲ್ಲಿಸಲೂ ಹೊತ್ತಿರಲಿಲ್ಲ. ಬೆಳ್ಳಿ ಹಕ್ಕಿ ಮಣ್ಣಿನ ಮೇಲೆ ಹಾಯಿತು, ಚಕ್ರ ಬಂತು, ಮತ್ತು ಎರಡು ದಿನಗಳಲ್ಲಿ ಮೊದಲ ಬಾರಿಗೆ ಹೊರಗಿನ ಸದ್ದೊಂದು ಒಳಗೆ ಕೇಳಿತು. ಹರಳೊಂದು ಚಕ್ರದಡಿ ಪುಡಿಯಾದ ಸದ್ದು. ಹುರಿಗಡಲೆ ಕಡಿದಷ್ಟೇ ಸಣ್ಣದು.

ಅವಳು ಕಣ್ಣು ಮುಚ್ಚಿ ಕಾದಳು.

ಏನೂ ಆಗಲಿಲ್ಲ. ಕಾರು ಮೊದಲಿನಂತೆಯೇ ಮುಂದಿನ ಕೌದಿಯ ಮೇಲೆ ಹರಿಯಿತು. ಕನ್ನಡಿಯಲ್ಲಿ, ತಂಗಿ ಎರಡು ತುಂಡುಗಳನ್ನೂ ಬಾಚಿ ಒಂದರೊಳಗೊಂದು ಮಡಚಿ, ಯಾರೂ ಕಾಣದಂತೆ ಎದೆಗೆ ಅವಚಿಕೊಂಡು ಓಡುತ್ತಿದ್ದುದು ಕಂಡಿತು. ಅದೇ ಕನ್ನಡಿಯಲ್ಲಿ, ಹತ್ತಿರದಲ್ಲೇ, ಕೀಲಿಯಜ್ಜನ ಮುಖ. ಅದು ಕದಲಿರಲಿಲ್ಲ.

"ಚಕ್ರ ನೆಲಾ ಮುಟ್ಟಿತ್ರಿ, ಅಜ್ಜಾರ."

"ಹೂಂ."

"ಕಾರು ಹೋಗಲಿಲ್ಲ."

"ಎಲ್ಲಿಗೆ ಹೋಗಬೇಕು ಅದು?"

ಅವಳು ಕನ್ನಡಿಯಲ್ಲಿ ಅವನನ್ನೇ ನೋಡಿದಳು. "ಮೊದಲೂ ಮುಟ್ಟಿತ್ತೇನ್ರಿ?"

"ಬಡಿಗ್ಯಾನ ಸರದ್ಯಾಗ ಮುಟ್ಟಿತ್ತು. ಹಾಲಿನಾಕಿ ಸರದ್ಯಾಗ ಮೂರು ಸಲ. ನನ್ನ ಸರದ್ಯಾಗೂ ಮುಟ್ಟಿತ್ತು. ಮುಟ್ಟದ ಸರದಿ ನಾ ಒಂದೂ ನೋಡಿಲ್ಲ."

"ಮತ್ತ ಯಾರೂ ಯಾಕ ಹೇಳಲಿಲ್ಲ?"

"ನೀ ಹೇಳು," ಎಂದ ಕೀಲಿಯಜ್ಜ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಗೇಲಿಯೂ ಇರಲಿಲ್ಲ. "ಕಿಟಕಿ ಇಳಿಸಿ ಹೇಳು. ಆ ಕುಂಬಾರಗ ಹೇಳು, ನಲವತ್ತು ವರ್ಷ ಸುಮ್ಸುಮ್ನ ಓಡಿದ್ಯೋ ಅಂತ. ನಿನ್ನ ತಂಗಿಗೆ ಹೇಳು, ಹಿಮ್ಮಡಿ ಒಡಕೊಂಡಿದ್ದು ಸುಮ್ಸುಮ್ನ ಅಂತ."

ಅವಳು ಕಿಟಕಿ ಇಳಿಸಲಿಲ್ಲ. ಜನ್ಮದಲ್ಲಿ ನಾಲ್ವರ ನಡುವೆ ದನಿಯೆತ್ತಿದವಳಲ್ಲ. ಆರನೆಯ ಸುತ್ತು ಮುಗಿಯಿತು. ಏಳನೆಯದು ಆರಂಭವಾಯಿತು. ಗಾಜಿನ ಆಚೆ ತಂಗಿ ಹರಿದ ಕೌದಿಯ ತುಂಡುಗಳನ್ನು ಒಂದರ ಮೇಲೊಂದು ಇಟ್ಟು ಹಾಸಿದಳು, ಎತ್ತಿದಳು, ಓಡಿದಳು. ಅವಳು ಕಾಲಿಟ್ಟಲ್ಲೆಲ್ಲ ಮಣ್ಣಿನ ಮೇಲೆ ಕೆಂಪಗೆ ಒಂದು ಚುಕ್ಕೆ ಉಳಿಯಿತು.

ಆಗ ಕೌದಿಯವಳು, ಮರ ಹಿಡಿದು ಕಲಿತಂತೆ, ಕೈಯಲ್ಲಿದ್ದ ಸ್ಟೀರಿಂಗನ್ನು ಬಲಕ್ಕೆ ತಿರುಗಿಸಿದಳು.

ಕಾರು ಕೌದಿಗಳನ್ನು ಬಿಟ್ಟು ಬರಿಯ ನೆಲಕ್ಕೆ ಇಳಿಯಿತು. ನಾಲ್ಕು ಚಕ್ರಗಳೂ. ಮಣ್ಣು ಕರಕರ ಎಂದಿತು, ಸೀಟು ಒಮ್ಮೆ ಕುಲುಕಿತು. ನೂರು ಹೆಜ್ಜೆಯಷ್ಟು ಹೋಗಿ ಅವಳು ನಿಲ್ಲಿಸಿದಳು, ಕಿಟಕಿ ಇಳಿಸಿದಳು. ಹಿಂದೆ ಕೆಂಪು ನೆಲದ ಮೇಲೆ ಚಕ್ರದ ಜಾಡು ಎರಡು ಗೆರೆಯಾಗಿ ಬಿದ್ದಿತ್ತು. ಎಂಬತ್ತು ಮಂದಿ ಹೆಗಲ ಮೇಲೆ ಕೌದಿ ಹೊತ್ತು ಕಂಬದಂತೆ ನಿಂತಿದ್ದರು. ಗಾಳಿಯೊಂದೇ ಓಡಾಡುತ್ತಿತ್ತು.

ಮೊದಲು ಬಂದವಳು ತಂಗಿ. ಬಂದವಳೇ ಎರಡೂ ಅಂಗೈಗಳಿಂದ ಬಾಗಿಲನ್ನು ಬಡಿದಳು.

"ಏನ್ ಮಾಡಿದಿ ಅಕ್ಕಾ! ಏನ್ ಮಾಡಿದಿ!"

"ನೋಡು. ನೆಲದ ಮ್ಯಾಲ ಐತಿ. ಏನೂ ಆಗಿಲ್ಲ. ಕೌದಿ ಹರದದ್ದು ನನ್ನ ತಪ್ಪು, ನಡುವ ನಾ ದೂರ ದೂರ ಹೊಲದಿದ್ದೆ. ಆವಾಗೂ ಮುಟ್ಟಿತ್ತು, ಆವಾಗೂ ಏನೂ ಆಗಲಿಲ್ಲ. ಓಡೂದು ಬ್ಯಾಡ. ಯಾರೂ ಓಡೂದು ಬ್ಯಾಡ."

"ನಿನಗ ಏನೂ ಆಗಿಲ್ಲ!" ತಂಗಿಯ ದನಿ ಹರಿಯಿತು. "ಎರಡು ದಿನ ಉಣ್ಣೀ ಮ್ಯಾಲ ಕಾಲಿಟ್ಟು ಕುಂತಾಕಿಗೆ ಏನಾಕ್ಕೈತಿ? ಮುಂದಿನದು ನಂದು. ನಂದು! ನನ್ನ ಪಾಳಿಗೆ ಬಂದಾಗನ ನಿನಗ ಇದು ಹೊಳೀತೇನು?"

ಕುಂಬಾರ ಬಂದ. ಅವನು ಚಕ್ರವನ್ನು ನೋಡಿದ, ಮಣ್ಣನ್ನು ನೋಡಿದ, ಬಹಳ ಹೊತ್ತು ನೋಡಿದ. ನಂತರ ಮುಖವನ್ನು ತಿರುಗಿಸಿ ಬಾವಿಯ ಕಡೆ ಕಣ್ಣಿಟ್ಟ. "ಬಿಸಲ ಭಾಳ," ಎಂದ. "ನನ್ನ ಕಣ್ಣು ಮೊದಲ ಮಂಜು. ನಾ ಏನೂ ಕಂಡಿಲ್ಲವ್ವಾ."

"ನಾನೂ ಕಂಡಿಲ್ಲ," ಎಂದರು ಅವನ ಹಿಂದಿನವರು. "ನಾವೂ," ಎಂದಿತು ಬಲಗಡೆಯ ಸಾಲು.

ಕುಂಬಾರ ತನ್ನ ಕೌದಿಯನ್ನು ಹೆಗಲಿಂದ ಇಳಿಸಿ ಚಕ್ರದ ಜಾಡಿನ ಮೇಲೆ ಹಾಸಿದ. ಮತ್ತೊಬ್ಬರು ಹಾಸಿದರು. ಜಾಡಿನ ಎರಡು ಗೆರೆಗಳೂ ತುದಿಯಿಂದ ತುದಿಗೆ ಮುಚ್ಚಿಹೋದವು. ಅವರು ಕಾರಿನ ಮುಂದೆಯೂ ಹಾಸಿದರು. ಅವಳು ಎಡಕ್ಕೆ ತಿರುಗಿಸಿದರೆ ಎಡಕ್ಕೆ ಓಡಿ ಹಾಸಿದರು. ಬಲಕ್ಕೆ ತಿರುಗಿಸಿದರೆ ಬಲಕ್ಕೆ ಓಡಿ ಹಾಸಿದರು. ಬೇಗ ಹೋದರೆ ಬೇಗ ಓಡಿದರು. ಅವಳು ಎಷ್ಟು ಹೊರಳಿದರೂ ಬರಿಯ ನೆಲ ಅವಳಿಗೆ ದೊರೆಯಲಿಲ್ಲ. ತಂಗಿ ಎಲ್ಲರಿಗಿಂತ ಮುಂದೆ, ಕುಂಟುತ್ತ, ಹರಿದ ತುಂಡನ್ನು ಬೀಸುತ್ತ ಓಡಿದಳು. ಕಡೆಗೆ, ಅವಳನ್ನು ಇನ್ನೂ ಓಡಿಸಲಾರದೆ, ಅಕ್ಕ ನಿಧಾನವಾಗಿ ಏಳನೆಯ ಸುತ್ತನ್ನು ಮುಗಿಸಿ, ಸೂರ್ಯ ಮುಳುಗುವ ಹೊತ್ತಿಗೆ ಒಟ್ಟಿಲಿನ ಮೇಲೆ ಕಾರನ್ನು ನಿಲ್ಲಿಸಿ ಇಳಿದಳು.

ನಾಲ್ಕು ತಿಂಗಳು ತಂಗಿ ಅವಳೊಡನೆ ಮಾತನಾಡಲಿಲ್ಲ. ಆದರೆ ಹರಿದ ಕೌದಿಯನ್ನು ಬಾಗಿಲಲ್ಲಿ ಇಟ್ಟುಹೋಗಿದ್ದಳು. ಅಕ್ಕ ಅದನ್ನು ಬಿಚ್ಚಿ, ಅಂಚಿನಿಂದ ಆರಂಭಿಸಿ, ಬೆರಳಿಗೊಂದು ಸಾಲು ಹೊಲಿದಳು.

ಬೇಸಿಗೆಯ ಶನಿವಾರ ತಂಗಿ ಏರಿದಳು. ಅವಳ ಜಾಗ ಸಾಲಿನಲ್ಲಿ ತೆರವಾಯಿತು. ಒಮ್ಮೆ ಏರಿ ಇಳಿದವರು ಮತ್ತೆ ಓಡಿದ್ದನ್ನು ಆ ಊರು ಕಂಡಿರಲಿಲ್ಲ. ಓಡಬಾರದೆಂಬ ನಿಯಮವೂ ಇರಲಿಲ್ಲ. ಕೌದಿಯವಳು ಕಚ್ಚೆ ಬಿಗಿದು ಆ ಜಾಗದಲ್ಲಿ ನಿಂತಳು.

"ಬ್ಯಾಡ," ಎಂದಳು ತಂಗಿ ಸೀಟಿನಿಂದ. ಅಷ್ಟು ದಿನಗಳ ಮೇಲೆ ಮೊದಲ ಮಾತು. "ನೀ ಮನೀಗೆ ಹೋಗು."

"ನಿನ್ನ ಸರದಿಗೆ ನಾ ಹಾಸಲಾರದ ಮತ್ತ್ಯಾರು ಹಾಸಬೇಕು?"

ಬಾಗಿಲು ಮುಚ್ಚಿತು. ಮೊದಲ ಸುತ್ತಿನಲ್ಲಿ ಗಾಜಿನ ಆಚೆ ತಂಗಿ ಅಳುತ್ತಿದ್ದುದನ್ನು ಅಕ್ಕ ನೋಡಿದಳು. ಆ ಸುತ್ತಿನಲ್ಲಿ ಅವಳು ತನ್ನ ಕೌದಿಯನ್ನು ಹಿಂದಿನ ಕೌದಿಗೆ ಅಂಚಿಗೆ ಅಂಚು ಕೂಡಿಸಿ ಹಾಸಿದಳು.

ಎರಡನೆಯ ಸುತ್ತಿನಲ್ಲಿ ಒಂದು ಬೆರಳು ಬಿಟ್ಟು ಹಾಸಿದಳು. ಚಕ್ರಕ್ಕೆ ತಿಳಿಯಲಿಲ್ಲ. ಮೂರನೆಯದರಲ್ಲಿ ನಾಲ್ಕು ಬೆರಳು.

"ಏನವ್ವಾ, ಕೈ ಸೋತ್ವೇನು?" ಎಂದ ಹಿಂದೆ ಓಡುತ್ತಿದ್ದ ಕುಂಬಾರ.

"ವಯಸ್ಸಾತು ಕಾಕಾ."

ಅವನು ಗೊಣಗುತ್ತ ತನ್ನ ಕೌದಿಯನ್ನು ಮುಂದೆಳೆದು ಸಂದನ್ನು ಮುಚ್ಚಿದ. ಆಗ ಅವನ ಕೌದಿಯ ಹಿಂದೆ ನಾಲ್ಕು ಬೆರಳು ತೆರೆಯಿತು. ಅವನ ಹಿಂದಿನವಳು ತನ್ನದನ್ನು ಎಳೆದಳು. ಅವಳ ಹಿಂದೆ ತೆರೆಯಿತು. ಸಂದು ಮುಚ್ಚಲಿಲ್ಲ; ಸಾಲಿನುದ್ದಕ್ಕೂ ಕೈಯಿಂದ ಕೈಗೆ ನಡೆದುಹೋಯಿತು.

ಭಾನುವಾರ ನಾಲ್ಕನೆಯ ಸುತ್ತಿನಲ್ಲಿ ಅವಳು ಒಂದು ಗೇಣು ಬಿಟ್ಟಳು. ಬಾವಿಯ ಹತ್ತಿರ, ಹರಳುಗಳಿದ್ದ ಕಡೆ. ಚಕ್ರ ಹಾಯಿತು. ಗಾಜಿನ ಆಚೆ ತಂಗಿಯ ಕತ್ತು ಥಟ್ಟನೆ ನೆಟ್ಟಗಾಯಿತು. ಅವಳ ಕಣ್ಣು ಸಾಲಿನಲ್ಲಿ ಅಕ್ಕನನ್ನು ಹುಡುಕಿತು, ಕಂಡೊಡನೆ ಕಿಡಿಯಾಯಿತು.

ಅಕ್ಕ ತಲೆ ತಗ್ಗಿಸಿ ಕೌದಿಯನ್ನೆತ್ತಿ ಓಡಿದಳು. ಆದರೂ ಐದನೆಯ ಸುತ್ತಿನಲ್ಲಿ, ಅದೇ ಬಾವಿಯ ಹತ್ತಿರ, ಅವಳು ಒಂದು ಮೊಳ ಬಿಟ್ಟಳು. ಕುಂಬಾರ ಅದನ್ನು ನೋಡಿದ. ಬಗ್ಗಿ ತನ್ನ ಕೌದಿಯ ಅಂಚನ್ನು ಹಿಡಿದ. ಹಿಡಿದವನು ಎಳೆಯಲಿಲ್ಲ; ಸೊಂಟಕ್ಕೆ ಕೈಕೊಟ್ಟು ನಿಂತುಬಿಟ್ಟ.

ಕಾರು ಬಂತು. ಚಕ್ರ ಮೊಳದಷ್ಟು ಬರಿಯ ನೆಲದ ಮೇಲೆ ಹಾಯಿತು. ಹರಳುಗಳು ಒಂದರ ಹಿಂದೊಂದು ಸದ್ದು ಮಾಡಿದವು. ಕಾರು ಮೆಲ್ಲಗಾಯಿತು. ಕಿಟಕಿಯ ಗಾಜು ಇಳಿಯಿತು.

"ಕಿಟಕಿ ಏರಸು," ಎಂದಿತು ಒಳಗಿನಿಂದ ಕೀಲಿಯಜ್ಜನ ದನಿ.

ತಂಗಿ ಏರಿಸಲಿಲ್ಲ. ಬೈಗುಳಕ್ಕೆ ಕಾದು ಅಕ್ಕ ಕೌದಿಯನ್ನು ಎದೆಗೆ ಅವಚಿ ನಿಂತಳು. ತಂಗಿಯ ಮುಖದ ಮೇಲೆ ಬಿಸಿಲು ಬಿದ್ದಿತ್ತು. ಅವಳು ಅಕ್ಕನನ್ನು ನೋಡುತ್ತಿರಲಿಲ್ಲ. ಕುತ್ತಿಗೆಯನ್ನು ಹೊರಚಾಚಿ, ಕಿವಿಯನ್ನು ನೆಲದ ಕಡೆಗಿಟ್ಟು ಹರಳಿನ ಸದ್ದಿಗಾಗಿ ಆಲಿಸುತ್ತಿದ್ದಳು.

"ಅಕ್ಕಾ," ಎಂದಳು ಕೊನೆಗೆ. "ಇನ್ನೊಂದು ಮೊಳ ಬಿಡು."